ಊರಿಗೊಬ್ಬ ಆಟಗಾರ, ವಿಶ್ವವಿದ್ಯಾಲಯಕ್ಕೊಂದು ತಂಡ

ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ವರ್ಷವಿಡೀ ಒಟ್ಟಿಗಿರುವ ತಂಡ ಅಂತ ಒಂದಿಲ್ಲ. ಇರುವುದೆಲ್ಲ ಕಾಲೇಜು ತಂಡಗಳು. ಮೈಸೂರು ವಿವಿ ಕಬಡ್ಡಿ ತಂಡ, ಕುವೆಂಪು ವಿವಿ ಖೋ ಖೋ ತಂಡ ಅಂತ ಪೇಪರಿನಲ್ಲಿ ಬರುವ ಹನ್ನೆರಡು ಹೆಸರುಗಳನ್ನು ಐದಾರು ಊರಿನ ಕಾಲೇಜುಗಳಿಂದ ಆರಿಸಿರುತ್ತಾರೆ. ಆ ಹುಡುಗರು ಒಬ್ಬರಿಗೊಬ್ಬರು ಎದುರಾಳಿಗಳಾಗಿ ಪರಿಚಯ. ಒಂದೇ ಜೆರ್ಸಿ ಹಾಕಿಕೊಂಡು ಆಡುವುದು ಅಂತರ ವಿವಿ ಟೂರ್ನಿಗೆ ರೈಲು ಹತ್ತುವುದಕ್ಕೆ ಸ್ವಲ್ಪ ದಿನ ಮೊದಲು ನಡೆಯುವ ಕೋಚಿಂಗ್ ಕ್ಯಾಂಪಿನಲ್ಲಿ. ನಮ್ಮ ವಿವಿ ತಂಡಗಳು ಎಲ್ಲಿ ಗೆಲ್ಲುತ್ತವೆ, ಎಲ್ಲಿ ಮುಗ್ಗರಿಸುತ್ತವೆ ಅನ್ನೋದಕ್ಕೆ ಮುಕ್ಕಾಲು ಪಾಲು ಉತ್ತರ ಇಲ್ಲೇ ಇದೆ.

ಸ್ವಲ್ಪ ಹಿನ್ನೆಲೆ. 1916ರಲ್ಲಿ ಮೈಸೂರು ವಿವಿ, 1949ರಲ್ಲಿ ಧಾರವಾಡದ ಕರ್ನಾಟಕ ವಿವಿ, 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಗುಲ್ಬರ್ಗ, 1987ರಲ್ಲಿ ಕುವೆಂಪು. ಒಂದೊಂದು ಹೊಸ ವಿವಿ ಹುಟ್ಟಿದಾಗಲೂ ಹಳೆಯದರ ತಂಡ ಒಡೆಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿವಿ ಬಂದಾಗ ಮೆಡಿಕಲ್ ಹುಡುಗರು ಹೋದರು, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿವಿ (ವಿಟಿಯು) ಬಂದಾಗ ಎಂಜಿನಿಯರಿಂಗ್ ಹುಡುಗರು ಹೋದರು. ಎರಡನೆಯದು ಕ್ರಿಕೆಟ್‌ಗೆ ಬಿದ್ದ ದೊಡ್ಡ ಪೆಟ್ಟು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ, ಅನಿಲ್ ಕುಂಬ್ಳೆ ಬೆಂಗಳೂರಿನ ಆರ್‌ವಿಯಲ್ಲಿ ಓದುತ್ತಿದ್ದ ಕಾಲಕ್ಕೆ ಆ ಎಂಜಿನಿಯರಿಂಗ್ ಕಾಲೇಜುಗಳು ಮೈಸೂರು, ಬೆಂಗಳೂರು ವಿವಿಗಳ ಕೆಳಗೇ ಇದ್ದವು. ಈಗ ಅಂಥ ಹುಡುಗ ಅಂತರ ವಿವಿ ಕ್ರಿಕೆಟ್‌ನ ರೋಹಿಂಟನ್ ಬಾರಿಯಾ ಟ್ರೋಫಿ ಆಡಿದರೆ ಅದು ವಿಟಿಯು ಪರ. 2017ರಲ್ಲಿ ಬೆಂಗಳೂರು ವಿವಿ ಮೂರು ಹೋಳಾಯಿತು. ಆಮೇಲೆ ಮಂಡ್ಯ, ಹಾಸನ, ಚಾಮರಾಜನಗರ, ಹಾವೇರಿ, ಕೊಪ್ಪಳ ಅಂತ ಜಿಲ್ಲೆಗೊಂದು ಬಂದವು. ಆಡಳಿತಕ್ಕೆ ಅದರಿಂದ ಏನು ಲಾಭವಾಯಿತೋ, ಆಟದ ಮಟ್ಟಿಗೆ ಮಾತ್ರ ಒಂದು ಒಳ್ಳೆಯ ತಂಡ ಆಗಬಹುದಾಗಿದ್ದ ಹುಡುಗರು ನಾಲ್ಕು ಸಾಧಾರಣ ತಂಡಗಳಾಗಿ ಹಂಚಿಹೋದರು.

ಇದಕ್ಕೆ ತಿರುಗುಮುರುಗಾದದ್ದು ಒಂದೇ ಕ್ಯಾಂಪಸ್ಸಿನ ಖಾಸಗಿ ವಿವಿಗಳ ಕಥೆ. ಅಲ್ಲಿ ತಂಡ ಒಂದೇ ಹಾಸ್ಟೆಲ್‌ನಲ್ಲಿ ಮಲಗುತ್ತದೆ, ಒಂದೇ ಮೆಸ್ಸಿನಲ್ಲಿ ಉಣ್ಣುತ್ತದೆ, ಬೆಳಗ್ಗೆ ಸಂಜೆ ಒಬ್ಬನೇ ಕೋಚ್ ಕೈಕೆಳಗೆ ಆಡುತ್ತದೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿವಿ 20 ಚಿನ್ನ ಗೆದ್ದು ಪಟ್ಟಿಯ ತುದಿಗೆ ಹೋಗಿದ್ದರಲ್ಲಿ ಆಶ್ಚರ್ಯ ಏನಿಲ್ಲ. ಸರ್ಕಾರಿ ವಿವಿಗಳ ಸಾಲಿನಲ್ಲಿ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿವಿ ಎದ್ದು ಕಾಣುವುದೂ ಅದೇ ಕಾರಣಕ್ಕೆ. ಅದರ ಓಟಗಾರರಲ್ಲಿ ಬಹುಪಾಲು ಮೂಡುಬಿದಿರೆಯ ಒಂದೇ ಸಂಸ್ಥೆಯ ಹಾಸ್ಟೆಲ್‌ನಲ್ಲಿದ್ದು, ಅಲ್ಲೇ ಇರುವ ಸಿಂಥೆಟಿಕ್ ಟ್ರ್ಯಾಕ್ ಮೇಲೆ ತಯಾರಾದವರು. 2020ರ ಮತ್ತು 2022ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್ ನಡೆದದ್ದೂ ಅದೇ ಟ್ರ್ಯಾಕಿನಲ್ಲಿ. ಉಳಿದ ವಿವಿಗಳಿಗೆ ಈ ಅನುಕೂಲ ಇಲ್ಲ. ಅವುಗಳ ಪಾಲಿಗೆ ಇರುವ ಒಂದೇ ಬಲ ಅಂದರೆ ಸಂಖ್ಯೆ: ನೂರಾರು ಕಾಲೇಜು, ಸಾವಿರಾರು ಹುಡುಗ ಹುಡುಗಿಯರು. ಆ ಸಂಖ್ಯೆಯಿಂದ ಸರಿಯಾದವರನ್ನು ಹೆಕ್ಕುವ ಜರಡಿಯೇ ಇಂಟರ್ ಕಾಲೇಜಿಯೇಟ್, ಅಂದರೆ ವಿವಿಯ ಕಾಲೇಜುಗಳ ನಡುವಿನ ಕೂಟ. ಜರಡಿಯಲ್ಲೇ ತೂತಿದ್ದರೆ ಕ್ಯಾಂಪಿನಲ್ಲಿ ಕೋಚ್ ಎಷ್ಟು ಬೆವರು ಸುರಿಸಿದರೂ ವ್ಯರ್ಥ.

ಮೊದಲ ತೂತು ಟ್ರ್ಯಾಕ್ ಹಾಕುವುದರಲ್ಲೇ ಇದೆ. ತಾಲ್ಲೂಕು ಕೇಂದ್ರದ ಕಾಲೇಜು ಮೈದಾನ ಅಂದರೆ ಮಣ್ಣಿನದು, ಒಳ ಅಂಚಿನಲ್ಲಿ ಎತ್ತರಿಸಿದ ಪಟ್ಟಿ, ಅಂದರೆ ಕರ್ಬ್ ಇರುವುದಿಲ್ಲ, ಸುಣ್ಣದ ಗೆರೆಯೇ ಎಲ್ಲ. ಕೂಟದ ಹಿಂದಿನ ದಿನ ಪಿ.ಡಿ.ಗಳು (ದೈಹಿಕ ಶಿಕ್ಷಣ ನಿರ್ದೇಶಕರು) ನಿಯಮಪುಸ್ತಕದ ಸ್ಟ್ಯಾಗರ್ ಪಟ್ಟಿ, ಅಂದರೆ ಹೊರಗಿನ ಲೇನಿನವರು ಎಷ್ಟು ಮೀಟರ್ ಮುಂದೆ ನಿಂತು ಹೊರಡಬೇಕು ಅನ್ನುವ ಪಟ್ಟಿ, ಹಿಡಿದುಕೊಂಡು ಬರುತ್ತಾರೆ: 400 ಮೀಟರ್‌ಗೆ ಎರಡನೇ ಲೇನ್ 7.04, ಮೂರನೆಯದು 14.70, ನಾಲ್ಕನೆಯದು 22.37, ಹೀಗೆ ಎಂಟನೆಯದಕ್ಕೆ 53.03. ಪಟ್ಟಿ ಸರಿಯಾಗಿಯೇ ಇದೆ, ಆದರೆ ಅದು ಕರ್ಬ್ ಇರುವ ಟ್ರ್ಯಾಕಿಗೆ ಮಾಡಿದ್ದು. ಅಲ್ಲಿ ಮೊದಲನೇ ಲೇನಿನ ಓಟವನ್ನು ಕರ್ಬ್‌ನಿಂದ 30 ಸೆಂ.ಮೀ. ಹೊರಗೆ ಅಳೆಯುತ್ತಾರೆ, ಉಳಿದ ಲೇನ್‌ಗಳನ್ನು ಒಳಗೆರೆಯಿಂದ 20 ಸೆಂ.ಮೀ. ಹೊರಗೆ. ಕರ್ಬ್ ಇಲ್ಲದ ಕಡೆ ಮೊದಲನೇ ಲೇನಿಗೂ 20 ಸೆಂ.ಮೀ. ಲೆಕ್ಕವೇ ಬರುತ್ತದೆ. ಆಗ ಪ್ರತಿ ಲೇನಿನ ವ್ಯತ್ಯಾಸ ಸಮನಾಗಿ 7.665 ಮೀಟರ್: ಲೇನ್ ಅಗಲ 1.22, ಅದನ್ನು 6.2832ರಿಂದ ಗುಣಿಸಿದರೆ ಆಯಿತು. ಎರಡನೆಯದಕ್ಕೆ 7.67, ಮೂರನೆಯದಕ್ಕೆ 15.33, ನಾಲ್ಕನೆಯದಕ್ಕೆ 23.00. ಸುಣ್ಣದ ಗೆರೆಯ ಟ್ರ್ಯಾಕಿಗೆ ಪುಸ್ತಕದ ಪಟ್ಟಿ ಹಾಕಿದರೆ ಎರಡರಿಂದ ಎಂಟರವರೆಗಿನ ಎಲ್ಲರೂ ಮೊದಲನೇ ಲೇನಿನವನಿಗಿಂತ 63 ಸೆಂ.ಮೀ. ಹೆಚ್ಚು ಓಡುತ್ತಾರೆ. 50 ಸೆಕೆಂಡಿನಲ್ಲಿ 400 ಓಡುವವನಿಗೆ ಅದು ಸೆಕೆಂಡಿನ ನೂರರಲ್ಲಿ ಎಂಟು ಭಾಗ. ಎರಡನೇ ಮೂರನೇ ಸ್ಥಾನ ಅದಲು ಬದಲಾಗಲು ಅಷ್ಟು ಸಾಕು.

ಟ್ರ್ಯಾಕಿನ ಮೈಕಟ್ಟಿಗೂ ಒಂದು ಸರಳ ಲೆಕ್ಕ ಇದೆ. ಜಾಗ ಇದ್ದರೆ ನೇರ ಭಾಗ 80 ಮೀಟರ್ ಇಟ್ಟುಕೊಳ್ಳಿ. ತಿರುವಿನಲ್ಲಿ ಓಟ ಅಳೆಯುವ ರೇಖೆಯ ತ್ರಿಜ್ಯ 38.20 ಬರುತ್ತದೆ, ಕರ್ಬ್ ಇಲ್ಲದ್ದರಿಂದ ಒಳಗೆರೆಯನ್ನು 38.00ಕ್ಕೆ ಎಳೆಯಬೇಕು. ಮೊದಲು 80ಕ್ಕೆ 76ರ ಆಯತ ಮಾಡಿ ನಾಲ್ಕು ಮೂಲೆಗೆ ಗೂಟ ಹೊಡೆಯಿರಿ. ಎರಡೂ ಕರ್ಣ 110 ಮೀಟರ್ 34 ಸೆಂಟಿಮೀಟರ್ ಚಿಲ್ಲರೆ ಬಂದರೆ ಮೂಲೆಗಳು ನೆಟ್ಟಗಿವೆ ಅಂತ ಅರ್ಥ. ಬಾರದಿದ್ದರೆ ಅಲ್ಲೇ ನಿಲ್ಲಿಸಿ ಸರಿ ಮಾಡಬೇಕು, ಮುಂದೆ ಹೋದಷ್ಟೂ ತಪ್ಪು ಬೆಳೆಯುತ್ತದೆ. 76 ಮೀಟರ್ ಬದಿಗಳ ನಟ್ಟನಡುವೆ ಕೇಂದ್ರದ ಗೂಟ. ಅಲ್ಲಿಂದ ಅರ್ಧವೃತ್ತ. ಇಲ್ಲಿ ನೈಲಾನ್ ಹಗ್ಗ ಕಟ್ಟಿ ಎಳೆಯುವವರೇ ಜಾಸ್ತಿ. ಎಳೆದ ಹಾಗೆ ಹಗ್ಗ ಹಿಗ್ಗುತ್ತದೆ, ಒಂದು ತಿರುವಿನ ತ್ರಿಜ್ಯ 38.00 ಬಂದರೆ ಇನ್ನೊಂದು 38.15 ಆಗಿರುತ್ತದೆ. ಕಬ್ಬಿಣದ ತಂತಿ ಅಥವಾ ಸ್ಟೀಲ್ ಟೇಪ್ ಬಿಟ್ಟು ಬೇರೇನೂ ಬೇಡ. ಈ ಅಳತೆಯಲ್ಲಿ ಒಟ್ಟು ದೂರ 400 ಮೀಟರ್ ಎರಡು ಸೆಂಟಿಮೀಟರ್ ಬರುತ್ತದೆ. 400ಕ್ಕಿಂತ ಕಡಿಮೆ ಆಗಬಾರದು, ನಾಲ್ಕು ಸೆಂಟಿಮೀಟರ್‌ವರೆಗೆ ಹೆಚ್ಚಿದ್ದರೆ ನಿಯಮದ ಅಡ್ಡಿ ಇಲ್ಲ. ಲೇನಿನ 1.22 ಮೀಟರ್‌ನಲ್ಲಿ ಬಲಗಡೆಯ ಗೆರೆಯ 5 ಸೆಂ.ಮೀ. ಸೇರಿದೆ, ಎಡಗಡೆಯದು ಸೇರಿಲ್ಲ. ಇದನ್ನು ಮರೆತು ಗೆರೆ ಬಿಟ್ಟು ಅಳೆದರೆ ಎಂಟನೇ ಲೇನಿಗೆ ಬರುವಷ್ಟರಲ್ಲಿ ಮೈದಾನವೇ ಸಾಲದೆ ಬೇಲಿ ಸಿಗುತ್ತದೆ.

ಎಸೆದದ್ದು ಬೀಳಬೇಕಾದ ಜಾಗಕ್ಕೆ, ಅಂದರೆ ಸೆಕ್ಟರ್‌ಗೆ ಕೋನಮಾಪಕ ಬೇಕಾಗಿಯೇ ಇಲ್ಲ. ಗುಂಡು, ಡಿಸ್ಕಸ್, ಹ್ಯಾಮರ್ ಮೂರಕ್ಕೂ 34.92 ಡಿಗ್ರಿ. ವೃತ್ತದ ಕೇಂದ್ರದಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ ಸರಿಯಾಗಿ 12 ಮೀಟರ್ ಇದ್ದರೆ ಆ ಕೋನ ಬಂತು. ಜಾವೆಲಿನ್‌ಗೆ 20 ಮೀಟರ್‌ನಲ್ಲಿ 10 ಮೀಟರ್, ಅದನ್ನು ಅಳೆಯುವುದು 8 ಮೀಟರ್ ತ್ರಿಜ್ಯದ ಕಮಾನಿನ ಕೇಂದ್ರದಿಂದ. ಎರಡರಲ್ಲೂ ಜನ ಕೇಂದ್ರದ ಬದಲು ವೃತ್ತದ ಅಥವಾ ಕಮಾನಿನ ಅಂಚಿನಿಂದ ಟೇಪ್ ಹಿಡಿಯುತ್ತಾರೆ, ಸೆಕ್ಟರ್ ಕಿರಿದಾಗಿ ಒಳ್ಳೆಯ ಎಸೆತಗಳು ಫೌಲ್ ಆಗುತ್ತವೆ. ದೂರ ಅಳೆಯುವಾಗ ಟೇಪಿನ ಸೊನ್ನೆ ಬಿದ್ದ ಗುರುತಿನ ಹತ್ತಿರ ಇರಬೇಕು, ಇನ್ನೊಂದು ತುದಿ ಕೇಂದ್ರದ ಮೇಲೆ ಹಾದುಹೋಗಬೇಕು, ಓದುವುದು ವೃತ್ತದ ಒಳ ಅಂಚಿನಲ್ಲಿ. ಅರ್ಧ ಸೆಂಟಿಮೀಟರ್ ಬಂದರೆ ಕೆಳಗಿನ ಸೆಂಟಿಮೀಟರ್ ಬರೆಯಬೇಕು.

ಇನ್ನು ಸಮಯ. ಸ್ಟಾಪ್‌ವಾಚ್ ನಂಬಿ ತಂಡ ಆರಿಸುವುದೇ ದೊಡ್ಡ ಮೋಸ. ಕೈಯಲ್ಲಿ ಹಿಡಿದ ಗಡಿಯಾರದ 10.8ಕ್ಕೂ ಫೋಟೊ ಫಿನಿಶ್ ಕ್ಯಾಮೆರಾದ 10.8ಕ್ಕೂ ಅಜಗಜಾಂತರ. 100 ಮತ್ತು 200 ಮೀಟರ್‌ಗೆ 0.24, 400ಕ್ಕೆ 0.14 ಸೆಕೆಂಡ್ ಸೇರಿಸಿ ನೋಡುವುದು ಹಳೆಯ ವಾಡಿಕೆ. ಅಂದರೆ ಆ 10.8, ನಿಜಕ್ಕೆ 11.04. ಅದೂ ಟೈಮ್‌ಕೀಪರ್‌ಗಳು ಸ್ಟಾರ್ಟರ್‌ನ ಪಿಸ್ತೂಲಿನ ಹೊಗೆ ನೋಡಿ ಒತ್ತಿದ್ದರೆ ಮಾತ್ರ. ಪಿಸ್ತೂಲಿನ ಬದಲು ಎರಡು ರೆಕ್ಕೆ ಬಡಿಯುವ ಕ್ಲ್ಯಾಪರ್ ಸದ್ದು ಕೇಳಿ ಒತ್ತಿದರೆ ಇನ್ನೂ ಮೋಸ: 100 ಮೀಟರ್ ದೂರಕ್ಕೆ ಸದ್ದು ಬರಲು ಸುಮಾರು 0.3 ಸೆಕೆಂಡ್ ಬೇಕು, ಅಷ್ಟೂ ಓಟಗಾರನಿಗೆ ಪುಕ್ಕಟೆ ಸಿಕ್ಕಂತೆ. ಹಾಗಾಗಿ ಕ್ಲ್ಯಾಪರ್ ಬಳಸುವುದಾದರೆ ಅದರ ರೆಕ್ಕೆಗೆ ಬಿಳಿ ಬಣ್ಣ ಬಳಿದು, ಎರಡು ರೆಕ್ಕೆ ಕೂಡುವುದನ್ನು ನೋಡಿ ಒತ್ತಲು ಹೇಳಬೇಕು. ಒಬ್ಬೊಬ್ಬರಿಗೆ ಮೂರು ಗಡಿಯಾರ ಹಿಡಿದರೆ ಎರಡು ಒಂದೇ ತೋರಿಸಿದ್ದು ಸರಿ, ಮೂರೂ ಬೇರೆ ಆದರೆ ಮಧ್ಯದ್ದು. ಸರಾಸರಿ ತೆಗೆಯುವುದು ನಿಯಮದಲ್ಲಿಲ್ಲ. ನೂರರ ಭಾಗ ತೋರಿಸುವ ವಾಚ್ ಇದ್ದರೂ ಮೇಲಿನ ಹತ್ತನೇ ಭಾಗಕ್ಕೆ ಏರಿಸಿ ಬರೆಯಬೇಕು, 11.32 ಅಂದರೆ 11.4.

ಸ್ಟಾರ್ಟ್ ವಿಷಯದಲ್ಲಿ ಒಂದು ಉದಾರ ಗುಣ ನಮ್ಮ ಕೂಟಗಳಲ್ಲಿ ಇನ್ನೂ ಉಳಿದಿದೆ. ಒಬ್ಬ ಮುಂಚೆ ಜಿಗಿದರೆ "ಏಯ್, ಹಿಂದೆ ಬಾರೋ" ಅಂತ ಬೈದು ಮತ್ತೆ ನಿಲ್ಲಿಸುತ್ತಾರೆ. 2010ರಿಂದ ನಿಯಮ ಹೇಳುವುದು ಒಂದೇ ಒಂದು ಫಾಲ್ಸ್ ಸ್ಟಾರ್ಟ್‌ಗೆ ಮನೆಗೆ. ಜಿಲ್ಲೆಯಲ್ಲಿ ಎರಡು ಸಲ ಕ್ಷಮೆ ಪಡೆದ ಹುಡುಗ ಅಖಿಲ ಭಾರತ ಕೂಟದ ಹೀಟ್ಸ್‌ನಲ್ಲಿ ಬ್ಲಾಕ್ ಬಿಟ್ಟ ಕೂಡಲೇ ಕೆಂಪು-ಕಪ್ಪು ಕಾರ್ಡ್ ನೋಡುತ್ತಾನೆ, ಎರಡು ದಿನದ ರೈಲು ಪ್ರಯಾಣ ಅಲ್ಲಿಗೆ ಮುಗಿಯಿತು. ಸ್ಪೈಕ್ ಕಥೆಯೂ ಹೀಗೇ. ಮಣ್ಣಿಗೆ ಹಾಕುವ ಉದ್ದನೆಯ ಮೊಳೆಗಳೊಂದಿಗೆ ಓಟಕ್ಕೆ ಮುಂಚೆ ತಪಾಸಣೆ ನಡೆಯುವ ಕಾಲ್ ರೂಮಿಗೆ ಹೋದರೆ ಅಲ್ಲೇ ತಡೆಯುತ್ತಾರೆ. ಸಿಂಥೆಟಿಕ್‌ಗೆ ಮೊಳೆ 9 ಮಿ.ಮೀ. ದಾಟಬಾರದು, ಹೈಜಂಪ್ ಮತ್ತು ಜಾವೆಲಿನ್‌ಗೆ 12. ದಪ್ಪ ಅಟ್ಟೆಯ ರೋಡ್ ಶೂ ಹಾಕಿಕೊಂಡು 5,000 ಓಡಲು ಬರುವವರಿಗೂ ಈಗ ತೊಂದರೆ, ಟ್ರ್ಯಾಕ್ ಓಟಕ್ಕೆ ಅಟ್ಟೆ 20 ಮಿ.ಮೀ. ಮೀರುವಂತಿಲ್ಲ. ಸ್ಪೈಕ್ ಬಿಚ್ಚುವ ಕೀ ಮತ್ತು ಒಂದು ಸೆಟ್ ಗಿಡ್ಡ ಮೊಳೆ ಮ್ಯಾನೇಜರ್ ಚೀಲದಲ್ಲಿ ಇರಲೇಬೇಕು.

ತಂಡದ ಆಟಗಳಲ್ಲಿ ಆಯ್ಕೆ ಇನ್ನೂ ಕಷ್ಟ, ಮುಖ್ಯವಾಗಿ ಕಬಡ್ಡಿ. ಇಂಟರ್ ಕಾಲೇಜಿಯೇಟ್ ಫೈನಲ್ ದಿನ ಗ್ಯಾಲರಿಯ ಕಣ್ಣೆಲ್ಲ ರೈಡರ್ ಮೇಲೆ. ಆಯ್ಕೆದಾರರೂ ಮನುಷ್ಯರೇ. ಸಂಜೆ ಪಟ್ಟಿ ಓದಿದಾಗ ಹನ್ನೆರಡರಲ್ಲಿ ಏಳು ಜನ ರೈಡರ್‌ಗಳು, ಒಬ್ಬ ಎಡ ಕಾರ್ನರ್ (ತುದಿಯಲ್ಲಿ ನಿಂತು ಹಿಡಿಯುವವನು), ಬಲ ಕಾರ್ನರ್‌ಗೆ "ಯಾರಾದರೂ ನಿಲ್ಲುತ್ತಾರೆ". ಸೌತ್ ಝೋನ್ ಅಂತರ ವಿವಿ ಟೂರ್ನಿಯಲ್ಲಿ ತಮಿಳುನಾಡಿನ ತಂಡ ಸಿಕ್ಕ ದಿನ ಇದರ ಬೆಲೆ ಗೊತ್ತಾಗುತ್ತದೆ. ಹಿಡಿತ ಒಬ್ಬನ ಕೆಲಸ ಅಲ್ಲ. ಕಾರ್ನರ್ ರೈಡರ್‌ನ ಕಣಕಾಲಿಗೆ ಹಾರಿದ ಅದೇ ಗಳಿಗೆಯಲ್ಲಿ ಅವನ ಪಕ್ಕ ಒಳಗಡೆ ನಿಲ್ಲುವ ಇನ್ ಮತ್ತು ಕವರ್ ಆಟಗಾರರು ಮುಚ್ಚಿಕೊಳ್ಳದಿದ್ದರೆ ರೈಡರ್ ಒಂದು ಕಾಲು ಎಳೆದುಕೊಂಡೇ ಮಧ್ಯಗೆರೆ ಮುಟ್ಟುತ್ತಾನೆ, ಒಂದರ ಬದಲು ಮೂರು ಅಂಕ ಹೋಗುತ್ತದೆ. ಯಾರು ಮೊದಲು ಹೋಗುತ್ತಾರೆ, ಯಾರು ಕಾಯುತ್ತಾರೆ ಅನ್ನೋದು ವರ್ಷಗಟ್ಟಲೆ ಜೊತೆ ಆಡಿ ಬರುವ ತಿಳಿವಳಿಕೆ, ಕ್ಯಾಂಪಿನ ಹತ್ತು ದಿನದಲ್ಲಿ ಹೇಳಿಕೊಡಲಾಗುವುದಿಲ್ಲ. ಹಾಗಾಗಿ ಕಾರ್ನರ್ ಮತ್ತು ಕವರ್‌ಗಳನ್ನು ಜೋಡಿಯಾಗಿಯೇ ಎತ್ತಬೇಕು ಅನ್ನೋದು ನಮ್ಮ ಖಚಿತ ಅಭಿಪ್ರಾಯ: ಎಡಭಾಗ ಪೂರ್ತಿ ಒಂದು ಕಾಲೇಜಿನಿಂದ, ಬಲಭಾಗ ಇನ್ನೊಂದರಿಂದ. ಒಬ್ಬೊಬ್ಬರಾಗಿ ನೋಡಿದರೆ ಅವರಿಗಿಂತ ಚುರುಕಾದವರು ಹೊರಗೆ ಉಳಿಯಬಹುದು, ಉಳಿಯಲಿ. ರೈಡರ್‌ಗಳನ್ನು ಬೇಕಾದರೆ ಊರಿಗೊಬ್ಬರಂತೆ ತನ್ನಿ, ಅದು ಒಂಟಿ ಕೆಲಸ.

ಮ್ಯಾಟ್ ಅಭ್ಯಾಸ ಇನ್ನೊಂದು ಸಮಸ್ಯೆ. ಕಾಲೇಜಿನಲ್ಲಿ ಮಣ್ಣಿನ ಅಂಕಣ, ಬರಿಗಾಲು. ಅಂತರ ವಿವಿ ಟೂರ್ನಿಯಲ್ಲಿ ಮ್ಯಾಟ್ ಮತ್ತು ಶೂ. 13 ಮೀಟರ್‌ಗೆ 10 ಮೀಟರ್ ಅಂಕಣ, ರೈಡರ್ ದಾಟಬೇಕಾದ ಬಾಕ್ ಲೈನ್ ಮಧ್ಯಗೆರೆಯಿಂದ 3.75 ಮೀಟರ್, ಬೋನಸ್ ಗೆರೆ ಅದರಾಚೆ 1 ಮೀಟರ್, ಎಲ್ಲ ಒಂದೇ. ಆದರೆ ಮಣ್ಣಿನಲ್ಲಿ ಜಾರಿಕೊಂಡು ಬೋನಸ್ ತೆಗೆಯುತ್ತಿದ್ದವನ ಪಾದ ಮ್ಯಾಟ್‌ನಲ್ಲಿ ಕಚ್ಚಿಕೊಳ್ಳುತ್ತದೆ, ಮಂಡಿ ತಿರುಗುತ್ತದೆ. ಕ್ಯಾಂಪಿನ ಮೊದಲ ಎರಡು ದಿನ ಬರೀ ಕಾಲು ಹಾಕುವುದಕ್ಕೆ ಮೀಸಲಿಟ್ಟರೆ ನಷ್ಟ ಏನಿಲ್ಲ. ತೂಕವನ್ನೂ ಆವತ್ತೇ ನೋಡಬೇಕು. ಮಿತಿಗಿಂತ ಎರಡು ಕೆ.ಜಿ. ಹೆಚ್ಚಿರುವ ಹುಡುಗ ಕೊನೆಯ ದಿನ ನೀರು ಬಿಟ್ಟು, ರೈನ್‌ಕೋಟ್ ಹಾಕಿಕೊಂಡು ಓಡಿ ತೂಕ ಇಳಿಸಿದರೆ ತಕ್ಕಡಿ ಒಪ್ಪಬಹುದು, ಮರುದಿನ ಎರಡನೇ ಅರ್ಧದಲ್ಲಿ ಅವನ ತೊಡೆ ಸೆಳೆತ ಹಿಡಿಯುತ್ತದೆ.

ಖೋ ಖೋದಲ್ಲೂ ಇದೇ ತರ್ಕ. ಓಡುವವರು ಮೂವರ ಬ್ಯಾಚಿನಲ್ಲಿ ಒಳಗೆ ಹೋಗುತ್ತಾರಾದ್ದರಿಂದ ಬ್ಯಾಚ್ ಒಡೆಯದೆ ಆರಿಸಬೇಕು. ಬಾಲ್ ಬ್ಯಾಡ್ಮಿಂಟನ್‌ನ ಐವರಿಗಂತೂ ಹೊಂದಾಣಿಕೆಯೇ ಬಂಡವಾಳ: ನಡುವೆ ಬಿದ್ದ ಉಣ್ಣೆ ಚೆಂಡು ಯಾರದ್ದು ಅಂತ ಒಬ್ಬರ ಮುಖ ಒಬ್ಬರು ನೋಡುವ ತಂಡ ಗೆದ್ದದ್ದುಂಟೇ?

ರಿಲೇ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಬೇರೆ ಬೇರೆ ಕಾಲೇಜಿನ ನಾಲ್ವರನ್ನು ಒಂದು ಮಾಡುವ ಕೆಲಸ ಅಲ್ಲಿ ಕಣ್ಣಿಗೆ ಕಾಣುತ್ತದೆ. ನಾಲ್ಕು ಜನರ 100 ಮೀಟರ್ ಸಮಯ ಕೂಡಿದರೆ ಬರುವ ಮೊತ್ತಕ್ಕಿಂತ 4×100ರ ಸಮಯ ಎರಡು ಸೆಕೆಂಡ್ ಹತ್ತಿರ ಕಡಿಮೆ ಬಂದರೆ ಬ್ಯಾಟನ್ ಚೆನ್ನಾಗಿ ಓಡಿದೆ ಅಂತ ಲೆಕ್ಕ. ನಮ್ಮ ಬಹಳ ತಂಡಗಳಲ್ಲಿ ಅದು ಅರ್ಧ ಸೆಕೆಂಡೂ ಇರುವುದಿಲ್ಲ. ಕಾರಣ, ಕೊಡುವ ಕ್ರಮವೇ ಒಬ್ಬೊಬ್ಬರದು ಒಂದೊಂದು. ಒಂದು ಕಾಲೇಜಿನಲ್ಲಿ ಕೆಳಗಿನಿಂದ ಮೇಲಕ್ಕೆ ಕೊಟ್ಟು ಕಲಿತಿರುತ್ತಾರೆ, ಇನ್ನೊಂದರಲ್ಲಿ ಮೇಲಿನಿಂದ ಕೆಳಕ್ಕೆ. ತೆಗೆದುಕೊಳ್ಳುವವನು ಅಂಗೈ ಮೇಲೆ ಮಾಡಿ ಚಾಚಿದ್ದಾನೆ, ಬರುವವನು ಸೊಂಟದ ಹತ್ತಿರ ತಡಕಾಡುತ್ತಾನೆ. ಕ್ಯಾಂಪಿನ ಮೊದಲ ಸಂಜೆಯೇ ಒಂದು ಕ್ರಮ ಗೊತ್ತು ಮಾಡಿ, ಮಿಕ್ಕದ್ದನ್ನು ಮರೆಯಲು ಹೇಳಬೇಕು. ಮೊದಲನೆಯವನು ಬಲಗೈ, ಎರಡನೆಯವನು ಎಡ, ಮೂರನೆಯವನು ಬಲ, ನಾಲ್ಕನೆಯವನು ಎಡ. ಹೀಗೆ ಮಾಡಿದರೆ ಯಾರೂ ಕೈ ಬದಲಾಯಿಸಬೇಕಾಗಿಲ್ಲ, ತಿರುವಿನಲ್ಲಿ ಓಡುವವರು ಒಳಗೆರೆಗೆ ಅಂಟಿಕೊಳ್ಳಬಹುದು.

ಆಮೇಲೆ ಚೆಕ್ ಮಾರ್ಕ್. ಬದಲಾವಣೆಯ ವಲಯ ಈಗ 30 ಮೀಟರ್. ಮೊದಲಿದ್ದ 20 ಮೀಟರ್ ಮತ್ತು ಅದರ ಹಿಂದಿನ 10 ಮೀಟರ್ ಓಟದ ಜಾಗ ಎರಡನ್ನೂ ಒಂದು ಮಾಡಿದ್ದಾರೆ. ಹೊರಡುವವನು ವಲಯದ ಆರಂಭದಲ್ಲಿ ನಿಂತು, ಬರುವವನ ಕಡೆಗೆ ತನ್ನ ಪಾದದಿಂದ ಅಳೆದು ಗುರುತು ಹಾಕುತ್ತಾನೆ. 20ರಿಂದ 25 ಪಾದದಿಂದ ಶುರು ಮಾಡಿ ನೋಡಬಹುದು. ಬರುವವನು ಆ ಗುರುತು ಮುಟ್ಟಿದ ಕೂಡಲೇ ಹಿಂದೆ ನೋಡದೆ ಹೊರಡಬೇಕು. ಬರುವವನು ಬೇಗ ಮೈಮೇಲೆ ಬಿದ್ದರೆ ಗುರುತನ್ನು ಎರಡು ಪಾದ ಹಿಂದಕ್ಕೆ, ತಲುಪಲೇ ಇಲ್ಲ ಅಂದರೆ ಎರಡು ಪಾದ ಹತ್ತಿರಕ್ಕೆ. ಇದನ್ನು ನಿಧಾನ ಓಟದಲ್ಲಿ ಹೊಂದಿಸಿದರೆ ಉಪಯೋಗ ಇಲ್ಲ, ಪೂರ್ತಿ ವೇಗದಲ್ಲೇ ಹೊಂದಿಸಬೇಕು, ಹಾಗಾಗಿ ಒಂದು ಸಂಜೆಗೆ ನಾಲ್ಕೈದಕ್ಕಿಂತ ಹೆಚ್ಚು ಸಲ ಮಾಡಲಾಗುವುದಿಲ್ಲ. ಮಣ್ಣಿನ ಮೇಲೆ ಹೊಂದಿಸಿದ ಗುರುತು ಸಿಂಥೆಟಿಕ್‌ನಲ್ಲಿ ನಡೆಯದು. ಅಲ್ಲಿ ಹೊರಡುವವನಿಗೆ ಹಿಡಿತ ಹೆಚ್ಚು ಸಿಕ್ಕಿ ಬೇಗ ದೂರ ಹೋಗುತ್ತಾನೆ, ಬರುವವನು ಕೈ ಚಾಚಿಕೊಂಡೇ ವಲಯ ದಾಟುತ್ತಾನೆ. ಕೂಟದ ಊರಿಗೆ ಒಂದು ದಿನ ಮುಂಚೆ ಹೋಗಿ ಒಂದೆರಡು ಸಲ ಓಡಿಸಿ ನೋಡುವುದು ಇದಕ್ಕೇ. ವಲಯದ ಒಳಗಿರಬೇಕಾದ್ದು ಬ್ಯಾಟನ್, ಓಟಗಾರನ ಕಾಲಲ್ಲ. ತೀರ್ಪುಗಾರರೊಂದಿಗೆ ನಡೆಯುವ ಅರ್ಧ ಜಗಳ ಇದೊಂದು ವಾಕ್ಯ ಗೊತ್ತಿದ್ದರೆ ಮುಗಿಯುತ್ತಿತ್ತು. ಜಗಳ ಆಡುವುದೇ ಆದರೆ ಕ್ರಮವಾಗಿ ಆಡಿ: ಫಲಿತಾಂಶ ಘೋಷಿಸಿದ 30 ನಿಮಿಷದೊಳಗೆ ಪ್ರತಿಭಟನೆ ಕೊಡಬೇಕು, ಆಮೇಲೆ ಕೂಗಾಡಿದ್ದಕ್ಕೆ ಬೆಲೆ ಇಲ್ಲ.

ಇಷ್ಟೆಲ್ಲ ಸರಿಹೋದ ಮೇಲೂ ಹುಡುಗ ಆಡದೆ ವಾಪಸ್ ಬರುವುದುಂಟು, ಕಾಗದದ ದೆಸೆಯಿಂದ. ಅಂತರ ವಿವಿ ಟೂರ್ನಿಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಅಂತ ಶುರುವಾದದ್ದು. ಅದರ ಎಲಿಜಿಬಿಲಿಟಿ ಫಾರ್ಮ್ ನೋಡಲು ಸರಳ, ಒಳಗೆ ಗುಂಡಿಗಳು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹುಟ್ಟಿದ ದಿನಾಂಕವೇ ಅಂತಿಮ. ಪಿಯುಸಿ ಮುಗಿದ ವರ್ಷದಿಂದ ಎಷ್ಟು ವರ್ಷ ಕಳೆದಿದೆ ಅಂತ ಎಣಿಸುತ್ತಾರೆ, ಆದ್ದರಿಂದ ಆ ಅಂಕಪಟ್ಟಿಯೂ ಬೇಕು. ದೂರಶಿಕ್ಷಣದವರಿಗೆ, ಕೆಲಸದಲ್ಲಿರುವವರಿಗೆ ಅವಕಾಶ ಇಲ್ಲ, ಪೂರ್ಣಾವಧಿ ವಿದ್ಯಾರ್ಥಿಯೇ ಆಗಿರಬೇಕು. ಹೆಚ್ಚು ಎಡವುವುದು ಮೊದಲ ವರ್ಷದ ಎಂ.ಎ., ಎಂ.ಕಾಂ. ಹುಡುಗರು: ಬೇರೆ ವಿವಿಯಿಂದ ಬಂದು ಪ್ರವೇಶವಾಗಿದೆ, ಶುಲ್ಕವೂ ಕಟ್ಟಿದ್ದಾನೆ, ಆದರೆ ನೋಂದಣಿ ಸಂಖ್ಯೆ ಇನ್ನೂ ಬಂದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ "ಮಂಜುನಾಥ ಹೆಚ್", ಆಧಾರ್‌ನಲ್ಲಿ "ಎಚ್. ಮಂಜುನಾಥ್", ಕಾಲೇಜು ಐಡಿಯಲ್ಲಿ ಬರೀ "ಮಂಜು" ಅನ್ನುವುದಂತೂ ವರ್ಷವರ್ಷದ ಗೋಳು. ಪ್ರಾಂಶುಪಾಲರ ಸೀಲು ಫೋಟೋ ಮೇಲೂ ಅರ್ಧ ಬಿದ್ದಿರಬೇಕು. ಮೂಲ ದಾಖಲೆಗಳನ್ನು ಮ್ಯಾನೇಜರ್ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಬೇಕು, ಹುಡುಗರ ಬ್ಯಾಗಿನಲ್ಲಿ ಬಿಡಬಾರದು. ನಿಯಮಗಳ ಸುತ್ತೋಲೆಯನ್ನು ಆಯಾ ವರ್ಷದ್ದೇ ಓದಬೇಕು, ಹೋದ ವರ್ಷದ ಜೆರಾಕ್ಸ್ ನಂಬಬಾರದು.

ವೇಳಾಪಟ್ಟಿಯ ಸಂಕಟ ಬೇರೆ. ಸೌತ್ ಝೋನ್ ಟೂರ್ನಿಗಳು ಚಳಿಗಾಲದ ಸುತ್ತಮುತ್ತ ಬರುತ್ತವೆ, ಸೆಮಿಸ್ಟರ್ ಪರೀಕ್ಷೆಗಳೂ ಅಲ್ಲೇ. ಝೋನ್‌ನಲ್ಲಿ ಮೊದಲ ನಾಲ್ಕರೊಳಗೆ ಬಂದರೆ ಅಖಿಲ ಭಾರತ ಮಟ್ಟಕ್ಕೆ ಮತ್ತೆ ಹೊರಡಬೇಕು, ಅಂದರೆ ಗೆದ್ದಷ್ಟೂ ಪರೀಕ್ಷೆಗೆ ಹೊಡೆತ. ಟೂರ್ನಿಗೆ ಹೋದವರಿಗೆ ಮರುಪರೀಕ್ಷೆ ಕೊಡುವ ಆದೇಶ ಇರುವ ಕಡೆಯೂ ಹಾಜರಾತಿ ಪತ್ರವನ್ನು ಹೊರಡುವ ಮೊದಲೇ ಪರೀಕ್ಷಾಂಗಕ್ಕೆ ತಲುಪಿಸಿ ಸ್ವೀಕೃತಿ ತೆಗೆದುಕೊಂಡಿದ್ದರೆ ಕ್ಷೇಮ. ಬಂದ ಮೇಲೆ ಕೊಡೋಣ ಅಂದವರು ಅಲೆದಾಡುತ್ತಾರೆ.

ಸಂಪ್ರದಾಯಗಳ ವಿಷಯ. ಇಂಟರ್ ಕಾಲೇಜಿಯೇಟ್ ಅಥ್ಲೆಟಿಕ್ ಕೂಟ ಅಂದರೆ ಧ್ವಜ, ಪಥಸಂಚಲನ, ಕ್ರೀಡಾಜ್ಯೋತಿ, ಪ್ರತಿಜ್ಞಾವಿಧಿ ಇರಲೇಬೇಕು. ಗಣ್ಯರು ತಡವಾಗಿ ಬಂದು 10,000 ಮೀಟರ್ ಓಟ ಹನ್ನೊಂದು ಗಂಟೆಯ ಬಿಸಿಲಿಗೆ ಜಾರುವುದೂ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ದೂರದ ಓಟಗಳನ್ನು ಉದ್ಘಾಟನೆಗೆ ಮುಂಚೆ, ಬೆಳಗ್ಗೆ ಆರಕ್ಕೇ ಮುಗಿಸಿಬಿಡುವ ಆತಿಥೇಯರು ಜಾಣರು. ಅಂಕ ಹೆಚ್ಚಿನ ಕಡೆ ಐದು, ಮೂರು, ಒಂದು, ರಿಲೇಗೆ ಎರಡರಷ್ಟು. ಹಾಗಾಗಿ ಸಮಗ್ರ ಚಾಂಪಿಯನ್‌ಶಿಪ್ ಕೊನೆಯ 4×400ರವರೆಗೆ ಜೀವಂತ ಇರುತ್ತದೆ, ಪೆಂಡಾಲಿನ ಕುರ್ಚಿಗಳೆಲ್ಲ ಟ್ರ್ಯಾಕಿನ ಅಂಚಿಗೆ ಬರುತ್ತವೆ. ರೋಲಿಂಗ್ ಟ್ರೋಫಿ ಗೆದ್ದ ಕಾಲೇಜು ತನ್ನ ಹೆಸರು ಕೆತ್ತಿಸಿ ಮುಂದಿನ ವರ್ಷ ಹೊಳಪು ಮಾಡಿಸಿ ತಂದು ಒಪ್ಪಿಸುವುದು ಮರ್ಯಾದೆ. ರಾಷ್ಟ್ರಮಟ್ಟದಲ್ಲಿ ಒಟ್ಟಾರೆ ಸಾಧನೆಗೆ ಸಿಗುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956–57ರಿಂದ ಇದೆ. ಅದರ ಲೆಕ್ಕಾಚಾರದಲ್ಲಿ ಆಟಗಳ ಸಂಖ್ಯೆಯೇ ದೊಡ್ಡದು, ನಾಲ್ಕೇ ಆಟ ನೆಚ್ಚಿಕೊಂಡ ವಿವಿ ಹತ್ತಿರಕ್ಕೂ ಹೋಗದು.

ವಿವಿ ಪರ ಆಡಿದವರಿಗೆ ಕೊಡುವ "ಬ್ಲೂ" ಹೆಸರು ಆಕ್ಸ್‌ಫರ್ಡ್, ಕೇಂಬ್ರಿಜ್‌ನಿಂದ ಬಂದದ್ದು. "ಅವನು ಯೂನಿವರ್ಸಿಟಿ ಬ್ಲೂ" ಅಂದರೆ ಹಳೆಯ ಪಿ.ಡಿ.ಗಳ ದನಿ ಈಗಲೂ ಸ್ವಲ್ಪ ಏರುತ್ತದೆ. ಬ್ಲೇಜರ್ ಅಳತೆಯನ್ನು ಕ್ಯಾಂಪಿನಲ್ಲೇ ತೆಗೆದುಕೊಂಡರೆ ಹುಡುಗ ಡಿಗ್ರಿ ಮುಗಿಸುವ ಮೊದಲು ಅದು ಅವನ ಕೈಗೆ ಸಿಗುವ ಸಾಧ್ಯತೆ ಉಂಟು.

ಬ್ಲೇಜರ್‌ಗಿಂತ ಮುಂದೆ ಕೆಲಸಕ್ಕೆ ಬರುವುದು ಸರ್ಟಿಫಿಕೇಟ್. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಹುದ್ದೆಗೆ ಅಂತರ ವಿವಿ ಟೂರ್ನಿಯಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಅರ್ಹರು, ಆದರೆ ಟೂರ್ನಿಯಲ್ಲಿ ಹಂಚಿದ ಬಣ್ಣದ ಪ್ರಮಾಣಪತ್ರ ಒಂದೇ ಸಾಲದು. ಫಾರ್ಮ್ 3 ಅನ್ನುವ ನಿಗದಿತ ನಮೂನೆ ಇದೆ. ಅದಕ್ಕೆ ಸಹಿ ಮಾಡಬೇಕಾದವರು ವಿವಿಯ ಕ್ರೀಡಾ ವಿಭಾಗದ ಹೊಣೆ ಹೊತ್ತ ಡೀನ್ ಅಥವಾ ನಿರ್ದೇಶಕರು. ಕಾಲೇಜಿನ ಪಿ.ಡಿ. ಸಹಿ ನಡೆಯುವುದಿಲ್ಲ. ಆಟದ ಹೆಸರು, ಟೂರ್ನಿ ನಡೆದ ಊರು, ದಿನಾಂಕ, ತಂಡ ಪಡೆದ ಸ್ಥಾನ ನಾಲ್ಕೂ ತುಂಬಿರಬೇಕು, ಹೆಸರು ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆಯೇ ಇರಬೇಕು. ಟೂರ್ನಿಯಿಂದ ಬಂದ ವಾರದಲ್ಲೇ ಇದನ್ನು ಬರೆಸಿಕೊಳ್ಳಿ. ಐದು ವರ್ಷ ಬಿಟ್ಟು ಹೋದರೆ ನಿರ್ದೇಶಕರು ಬದಲಾಗಿರುತ್ತಾರೆ, ಆ ವರ್ಷದ ತಂಡದ ಪಟ್ಟಿ ಯಾವ ಬೀರುವಿನಲ್ಲಿದೆ ಅಂತ ಹುಡುಕುವವರೂ ಇರುವುದಿಲ್ಲ.